ಲಂಡನ್–ಆಮ್‌ಸ್ಟರ್‌ಡ್ಯಾಮ್ ವಿಮಾನ: ಹೋಗುವಾಗ 2 ಗಂಟೆ 20 ನಿಮಿಷ, ಬರುವಾಗ 20 ನಿಮಿಷ. ಇದು ಹೇಗೆ?

ಸ್ಲೌ ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಲಂಡನ್ ಪಕ್ಕದ ಸ್ಲೌನಲ್ಲಿದ್ದೇನೆ. ಊರು ದಾವಣಗೆರೆ ಹತ್ತಿರ. ಅಕ್ಕ, ಭಾವ ಆಮ್‌ಸ್ಟರ್‌ಡ್ಯಾಮ್‌ಗೆ ಅಂಟಿಕೊಂಡಿರುವ ಆಮ್‌ಸ್ಟೆಲ್‌ವೇನ್‌ನಲ್ಲಿದ್ದಾರೆ. ಅಕ್ಕನಿಗೆ ತಿಂಗಳು ತುಂಬಿದೆ, ಮೊದಲ ಹೆರಿಗೆ. ಅಮ್ಮ ಸದ್ಯ ನನ್ನ ಹತ್ತಿರ ಇದ್ದಾರೆ. ಬಾಣಂತನಕ್ಕೆ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಿಟ್ಟು, ಕೆಲವು ದಿನ ಇದ್ದು ಬರಬೇಕು. ಇಬ್ಬರಿಗೂ ವೀಸಾ ಆಗಿದೆ.

ಟಿಕೆಟ್ ನೋಡುತ್ತಾ ಕೂತರೆ ಲೆಕ್ಕವೇ ಹತ್ತುತ್ತಿಲ್ಲ. ಹೋಗುವ ವಿಮಾನ ಹೀಥ್ರೂನಿಂದ ಬೆಳಿಗ್ಗೆ 9:00ಕ್ಕೆ ಹೊರಟು 11:20ಕ್ಕೆ ತಲುಪುತ್ತದೆ. ನಾನು ವಾಪಸ್ ಬರುವುದು ಸಂಜೆ 6:00ಕ್ಕೆ ಹೊರಟು 6:20ಕ್ಕೆ ತಲುಪುತ್ತದೆ! ಎರಡೂ ಕಡೆಯ ಗಡಿಯಾರಕ್ಕೆ ಒಂದು ಗಂಟೆ ವ್ಯತ್ಯಾಸ ಇದೆ ಅನ್ನುವುದು ಗೊತ್ತು. ಅದನ್ನು ಕಳೆದು ಕೂಡಿದರೆ ಎರಡೂ 1 ಗಂಟೆ 20 ನಿಮಿಷ ಆಗುತ್ತದೆ. ಅಲ್ಲಿಗೆ ಸರಿ. ಆದರೆ ದೂರ ನೋಡಿದರೆ ಒಂದು ಕಡೆ 358 ಕಿ.ಮೀ., ಇನ್ನೊಂದು ಕಡೆ 370, ಮತ್ತೊಂದು ಕಡೆ 335. ಯಾವುದು ನಿಜ? ವಿಮಾನ ಗಂಟೆಗೆ 800 ಕಿ.ಮೀ. ಹೋಗುತ್ತದಲ್ವಾ, ಹಾಗಾದರೆ ಅರ್ಧ ಗಂಟೆ ಸಾಕಲ್ಲ? ಉಳಿದ ಐವತ್ತು ನಿಮಿಷ ಎಲ್ಲಿ ಹೋಗುತ್ತದೆ?

ಅಮ್ಮನಿಗೆ 66 ವರ್ಷ, ಮಂಡಿ ನೋವು. ತುಂಬಾ ಹೊತ್ತು ಒಂದೇ ಕಡೆ ಕೂರಲಿಕ್ಕೆ ಆಗುವುದಿಲ್ಲ, ತುಂಬಾ ದೂರ ನಡೆಯಲಿಕ್ಕೂ ಆಗುವುದಿಲ್ಲ. ಮನೆ ಬಾಗಿಲಿಂದ ಮನೆ ಬಾಗಿಲಿಗೆ ನಿಜವಾಗಿ ಎಷ್ಟು ಹೊತ್ತು ಬೇಕು? ರೈಲಿನಲ್ಲಿ ಹೋಗುವುದು ವಾಸಿಯಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಭೂಗೋಳದ ಮೇಷ್ಟ್ರು

ಮೂರೂ ನಿಜ ತಾಯಿ. ಯಾವ ಬಿಂದುವಿನಿಂದ ಯಾವ ಬಿಂದುವಿಗೆ ಅಳೆಯುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಲಂಡನ್ ನಡುಮಧ್ಯದಿಂದ ಆಮ್‌ಸ್ಟರ್‌ಡ್ಯಾಮ್ ನಡುಮಧ್ಯಕ್ಕೆ ಸುಮಾರು 358 ಕಿ.ಮೀ. ಹೀಥ್ರೂ ಊರಿನ ಪಶ್ಚಿಮಕ್ಕಿದೆ, ಅಂದರೆ ಆಮ್‌ಸ್ಟರ್‌ಡ್ಯಾಮ್‌ನಿಂದ ಇನ್ನಷ್ಟು ಆಚೆಗೆ. ಹಾಗಾಗಿ ಹೀಥ್ರೂನಿಂದ ಸ್ಕಿಪೋಲ್‌ಗೆ, ಅಂದರೆ ಆಮ್‌ಸ್ಟರ್‌ಡ್ಯಾಮ್‌ನ ವಿಮಾನ ನಿಲ್ದಾಣಕ್ಕೆ, 370. ಲಂಡನ್ ಸಿಟಿ ವಿಮಾನ ನಿಲ್ದಾಣ ಊರಿನ ಪೂರ್ವಕ್ಕಿದೆ, ಅಲ್ಲಿಂದ 335. ಉತ್ತರದ ಸ್ಟಾನ್‌ಸ್ಟೆಡ್‌ನಿಂದ ಸುಮಾರು 313. ಒಂದೇ ಊರಿನ ಹೆಸರು ಹೊತ್ತ ನಿಲ್ದಾಣಗಳ ನಡುವೆಯೇ ಇಷ್ಟು ವ್ಯತ್ಯಾಸ.

ಇವೆಲ್ಲ ಭೂಮಿಯ ಉಬ್ಬಿನ ಮೇಲೆ ದಾರ ಎಳೆದು ಬಿಗಿಯಾಗಿ ಹಿಡಿದರೆ ಸಿಗುವ ದೂರ. ವಿಮಾನ ಹೋಗುವ ದಾರಿ ಅಲ್ಲ. ಅದನ್ನು ಹಾರಿಸುವವರು ಯಾರಾದರೂ ಇದ್ದರೆ ಹೇಳಲಿ.

ಇನ್ನೊಂದು ಮಾತು. ಮೂವತ್ತು ವರ್ಷ ಮಕ್ಕಳಿಗೆ ಅಕ್ಷಾಂಶ ರೇಖಾಂಶ ಪಾಠ ಮಾಡಿದವನು ನಾನು, ಹೇಳದೆ ಇರಲಾರೆ. ಹೀಥ್ರೂಗೂ ಸ್ಕಿಪೋಲ್‌ಗೂ ರೇಖಾಂಶದಲ್ಲಿ 5.2 ಡಿಗ್ರಿ ವ್ಯತ್ಯಾಸ. ಬೆಂಗಳೂರಿನ ದೇವನಹಳ್ಳಿ ವಿಮಾನ ನಿಲ್ದಾಣಕ್ಕೂ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೂ 2.6 ಡಿಗ್ರಿ, ಸರಿಯಾಗಿ ಅರ್ಧ. ಗೋಡೆಗೆ ಹಾಕಿದ ನಕ್ಷೆ ನೋಡಿದರೆ ಲಂಡನ್–ಆಮ್‌ಸ್ಟರ್‌ಡ್ಯಾಮ್ ಬಹಳ ದೂರ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ, ಬೆಂಗಳೂರು–ಹುಬ್ಬಳ್ಳಿಯೂ 370 ಕಿ.ಮೀ.! ಧ್ರುವದ ಕಡೆಗೆ ಹೋದಂತೆ ರೇಖಾಂಶಗಳು ಒಂದರ ಹತ್ತಿರ ಒಂದು ಬರುತ್ತವೆ. ನಮ್ಮ ಕಡೆ ಒಂದು ಡಿಗ್ರಿ ಅಂದರೆ ಸುಮಾರು 108 ಕಿ.ಮೀ. ಲಂಡನ್ ಅಕ್ಷಾಂಶದಲ್ಲಿ ಅದೇ ಒಂದು ಡಿಗ್ರಿ ಸುಮಾರು 69 ಕಿ.ಮೀ. ಕಿತ್ತಳೆ ಹಣ್ಣಿನ ತೊಳೆ ನಡುವೆ ದಪ್ಪ, ತುದಿಯಲ್ಲಿ ಸಣ್ಣ ಇರುತ್ತದಲ್ಲ, ಹಾಗೆ.

ಹುಬ್ಬಳ್ಳಿ ಹುಡುಗ

ಮೇಷ್ಟ್ರೇ, ಇದು ನನಗೂ ಗೊತ್ತಿರಲಿಲ್ಲ ನೋಡ್ರಿ! ಎರಡೂ ದಾರಿಯಲ್ಲಿ ನಾನು ಹಾರಿದ್ದೇನೆ. ಒಂದೇ ಅಳತೆ ಅಂತ ಯಾವತ್ತೂ ಹೊಳೆದಿರಲಿಲ್ಲ. ಹುಬ್ಬಳ್ಳಿ ವಿಮಾನಕ್ಕೂ ಟಿಕೆಟ್‌ನಲ್ಲಿ ಹೆಚ್ಚುಕಡಿಮೆ ಒಂದೂಕಾಲು ಗಂಟೆ ಅಂತಲೇ ಬರೆದಿರುತ್ತದೆ. ಆದರೆ ಜಯನಗರದಿಂದ ದೇವನಹಳ್ಳಿಗೆ ಹೋಗಲಿಕ್ಕೇ ಒಂದೂವರೆ ಗಂಟೆ ಬೇಕು. 2023ರ ಜೂನ್‌ನಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾದ ಮೇಲೆ ನಾನು ಜಾಸ್ತಿ ಅದರಲ್ಲೇ ಹೋಗುತ್ತೇನೆ. ಹುಬ್ಬಳ್ಳಿಗೆ ಸುಮಾರು ಆರು ಗಂಟೆ, ಆದರೆ ಹತ್ತಿ ಕೂತರೆ ಮುಗಿಯಿತು. ಮಂಡಿ ನೋವಿನವರು ಮಧ್ಯೆ ಎದ್ದು ನಾಲ್ಕು ಹೆಜ್ಜೆ ಓಡಾಡಬಹುದು. ನಿಮ್ಮ ಅಮ್ಮನವರಿಗೆ ಅಲ್ಲೂ ರೈಲೇ ಸರಿ ಹೋದೀತು ಅಂತ ನನ್ನ ಅನಿಸಿಕೆ.

ಮಡಿಕೇರಿ ಪೈಲಟ್

ನಾನು ಯುರೋಪಿನಲ್ಲಿ ಇಂಥ ಸಣ್ಣ ದೂರದ ವಿಮಾನಗಳನ್ನೇ ಹಾರಿಸುವವನು. ಆ ಐವತ್ತು ನಿಮಿಷ ಎಲ್ಲಿ ಹೋಗುತ್ತದೆ ಅಂತ ಹೇಳುತ್ತೇನೆ.

ಟಿಕೆಟ್‌ನಲ್ಲಿ ಇರುವುದು ಹಾರುವ ಹೊತ್ತಲ್ಲ. ನಾವು ಅದಕ್ಕೆ ಬ್ಲಾಕ್ ಟೈಮ್ ಅನ್ನುತ್ತೇವೆ. ಗೇಟ್‌ನಲ್ಲಿ ಚಕ್ರಕ್ಕೆ ಕೊಟ್ಟ ಅಡ್ಡಕಟ್ಟೆ ತೆಗೆದಾಗ ಶುರು, ಆ ಕಡೆ ಗೇಟ್‌ನಲ್ಲಿ ಮತ್ತೆ ಅಡ್ಡಕಟ್ಟೆ ಇಟ್ಟಾಗ ಮುಗಿಯಿತು. ಹೀಥ್ರೂನಲ್ಲಿ ಗೇಟ್ ಬಿಟ್ಟು ರನ್‌ವೇ ತಲುಪಿ ಸರದಿ ಕಾಯುವುದಕ್ಕೇ ಕಾಲು ಗಂಟೆ, ಇಪ್ಪತ್ತು ನಿಮಿಷ ಸಾಮಾನ್ಯ. ಇರುವುದು ಎರಡೇ ರನ್‌ವೇ, ದಿನವಿಡೀ ಬಿಡುವಿಲ್ಲ. ಗಾಳಿಯಲ್ಲಿ ಇರುವುದು 45ರಿಂದ 50 ನಿಮಿಷ ಅಷ್ಟೇ.

ಆ 45 ನಿಮಿಷದಲ್ಲೂ 800 ಕಿ.ಮೀ. ವೇಗ ಸಿಗುವುದು ಸ್ವಲ್ಪ ಹೊತ್ತು ಮಾತ್ರ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್ ಮೀರುವ ಹಾಗಿಲ್ಲ, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಏರುವುದಕ್ಕೆ ನೂರು ಕಿ.ಮೀ.ಗೂ ಜಾಸ್ತಿ ಬೇಕು. ಇಳಿಯುವುದಕ್ಕೆ ನಮ್ಮಲ್ಲಿ ಒಂದು ಬಾಯಿಲೆಕ್ಕ ಇದೆ: ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. 25,000 ಅಡಿಯಲ್ಲಿದ್ದರೆ 75 ನಾಟಿಕಲ್ ಮೈಲಿ, ಅಂದರೆ ಸುಮಾರು 140 ಕಿ.ಮೀ. ಮೊದಲೇ ಇಳಿಯಲು ಶುರು ಮಾಡಬೇಕು. ಹೀಥ್ರೂ–ಸ್ಕಿಪೋಲ್ ಒಟ್ಟು 200 ನಾಟಿಕಲ್ ಮೈಲಿ. ಏರುವುದನ್ನೂ ಇಳಿಯುವುದನ್ನೂ ಕಳೆದರೆ ಮಟ್ಟವಾಗಿ ಹಾರುವುದು ಎಷ್ಟು ಉಳಿಯಿತು ನೋಡಿ. ಚಹಾ ಕೊಟ್ಟು ಲೋಟ ವಾಪಸ್ ತೆಗೆದುಕೊಳ್ಳುವುದಕ್ಕೆ ನಮ್ಮ ಕ್ಯಾಬಿನ್‌ನವರು ಓಡಾಡಬೇಕು.

ದಾರಿಯೂ ನೇರ ಅಲ್ಲ. ಇಲ್ಲಿ ಪಶ್ಚಿಮದ ಗಾಳಿ ಜಾಸ್ತಿ. ವಿಮಾನ ಗಾಳಿಗೆ ಎದುರಾಗಿ ಏರಬೇಕು. ಹಾಗಾಗಿ ಪೂರ್ವದ ಆಮ್‌ಸ್ಟರ್‌ಡ್ಯಾಮ್‌ಗೆ ಹೊರಟ ವಿಮಾನ ಹೀಥ್ರೂನಿಂದ ಮೊದಲು ಪಶ್ಚಿಮಕ್ಕೆ ಹಾರಿ, ಆಮೇಲೆ ತಿರುಗಿಕೊಂಡು ಬರುತ್ತದೆ. ಆ ದಿನ ವಿಂಡ್ಸರ್ ಕೋಟೆ ಕಂಡರೆ ಇದೇ ಕಾರಣ ಅಂದುಕೊಳ್ಳಿ.

ವಾಪಸ್ ಬರುವಾಗ ಕಥೆ ಬೇರೆ. ಹೀಥ್ರೂಗೆ ಇಳಿಯಲು ಬರುವ ವಿಮಾನಗಳನ್ನು ನಾಲ್ಕು ಕಡೆ ಗಾಳಿಯಲ್ಲೇ ಸುತ್ತಿಸುತ್ತಾರೆ. ಬೋವಿಂಗ್ಡನ್, ಲ್ಯಾಂಬರ್ನ್, ಆಕಮ್, ಬಿಗಿನ್ ಹಿಲ್. ಆಮ್‌ಸ್ಟರ್‌ಡ್ಯಾಮ್ ಕಡೆಯಿಂದ ಬರುವವರು ಎಸೆಕ್ಸ್‌ನ ಲ್ಯಾಂಬರ್ನ್‌ಗೆ ಹೋಗುತ್ತಾರೆ. ಒಂದರ ಮೇಲೊಂದು, ಸಾವಿರ ಸಾವಿರ ಅಡಿ ಅಂತರದಲ್ಲಿ, ತಟ್ಟೆ ಜೋಡಿಸಿಟ್ಟ ಹಾಗೆ. ಕೆಳಗಿನ ತಟ್ಟೆ ತೆಗೆದಾಗ ಮೇಲಿನವು ಒಂದೊಂದು ಮೆಟ್ಟಿಲು ಇಳಿಯುತ್ತವೆ. ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ. ಈ ಕಾಯುವಿಕೆ ಎಲ್ಲ ಆ 1 ಗಂಟೆ 20 ನಿಮಿಷದೊಳಗೇ ಸೇರಿರುತ್ತದೆ. ಯಾವತ್ತಾದರೂ ಸುತ್ತು ಇಲ್ಲದೆ ಇಳಿದರೆ 20 ನಿಮಿಷ ಬೇಗ ತಲುಪುತ್ತೀರಿ.

ಸ್ಲೌ ದಾವಣಗೆರೆ

ಪೈಲಟ್ ಸರ್, ತುಂಬಾ ಧನ್ಯವಾದ. ನಮ್ಮ ಮನೆ ಮೇಲೆ ದಿನಾ ಹಾರುವ ವಿಮಾನಗಳ ಅರ್ಥ ಈಗ ಆಯಿತು. ಒಂದು ಕೇಳಲಾ, ಗಾಳಿಯಿಂದ ಹೋಗುವಾಗ ಬರುವಾಗ ಹೊತ್ತು ಬದಲಾಗುವುದಿಲ್ವಾ? ಟಿಕೆಟ್‌ನಲ್ಲಿ ಎರಡೂ ಒಂದೇ ಇದೆ.

ಮಡಿಕೇರಿ ಪೈಲಟ್

ಬದಲಾಗುತ್ತದೆ, ಆದರೆ ಇಷ್ಟು ಹತ್ತಿರಕ್ಕೆ ದೊಡ್ಡದಲ್ಲ. ಮೇಲೆ 50 ನಾಟ್ ಪಶ್ಚಿಮ ಗಾಳಿ ಇದ್ದರೆ ಹೋಗುವಾಗ ಮೂರು ನಿಮಿಷ ಉಳಿಯುತ್ತದೆ, ಬರುವಾಗ ಮೂರ್ನಾಲ್ಕು ನಿಮಿಷ ಜಾಸ್ತಿ ಹಿಡಿಯುತ್ತದೆ. ರನ್‌ವೇ ಹತ್ತಿರದ ಒಂದು ಸರದಿ ಅದನ್ನೆಲ್ಲ ನುಂಗಿಬಿಡುತ್ತದೆ. ಗಾಳಿಯ ಆಟ ನೋಡಬೇಕು ಅಂದರೆ ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ ನೋಡಬೇಕು.

ಹೊರಡುವುದೇ ತಡವಾದರೆ ಗಾಬರಿ ಬೇಡ. ಮುಂದೆ ದಟ್ಟಣೆ ಇದ್ದರೆ, ಯುರೋಪಿನ ವಿಮಾನ ಸಂಚಾರ ಹೊಂದಿಸುವ ಬ್ರಸೆಲ್ಸ್‌ನ ಯೂರೋಕಂಟ್ರೋಲ್ ಸಂಸ್ಥೆ ನಮಗೊಂದು ಸ್ಲಾಟ್ ಕೊಡುತ್ತದೆ. ಹೇಳಿದ ಸಮಯಕ್ಕೆ 5 ನಿಮಿಷ ಮೊದಲಿನಿಂದ 10 ನಿಮಿಷ ಆಮೇಲಿನವರೆಗೆ, ಆ ಹದಿನೈದು ನಿಮಿಷದೊಳಗೆ ನೆಲ ಬಿಡಬೇಕು. ಅಲ್ಲಿಯವರೆಗೆ ಗೇಟ್‌ನಲ್ಲೇ ಕೂತಿರುತ್ತೇವೆ. ಮೇಲೆ ಸುತ್ತುತ್ತಾ ಎಣ್ಣೆ ಸುಡುವುದಕ್ಕಿಂತ ಅದು ಒಳ್ಳೆಯದು.

ಆಮ್‌ಸ್ಟೆಲ್‌ವೇನ್ ಮೈಸೂರು

ನಾನು ನಿಮ್ಮ ಅಕ್ಕನ ಊರಿನಲ್ಲೇ 11 ವರ್ಷದಿಂದ ಇದ್ದೇನೆ ಕಣಮ್ಮ. ಇಲ್ಲಿ ನಮ್ಮವರು ತುಂಬಾ ಜನ ಇದ್ದಾರೆ, ಅಮ್ಮನಿಗೆ ಬೇಜಾರಾಗುವುದಿಲ್ಲ.

ಇಳಿಯುವಾಗ ಒಂದು ವಿಷಯ ಅಮ್ಮನಿಗೆ ಮೊದಲೇ ಹೇಳಿಡಿ. ಸ್ಕಿಪೋಲ್‌ನಲ್ಲಿ ಪೋಲ್ಡರ್‌ಬಾನ್ ಅಂತ ಒಂದು ರನ್‌ವೇ ಇದೆ. 2003ರಲ್ಲಿ ಶುರುವಾಯಿತು. ಊರುಗಳಿಗೆ ಸದ್ದು ಕಡಿಮೆ ಆಗಲಿ ಅಂತ ದೂರ ಕಟ್ಟಿದ್ದಾರೆ. ಎಷ್ಟು ದೂರ ಅಂದರೆ ಅದಕ್ಕೆ ಬೇರೆ ಕಂಟ್ರೋಲ್ ಟವರ್ ಬೇಕಾಯಿತು. ಅಲ್ಲಿ ಇಳಿದರೆ ಗೇಟ್ ಮುಟ್ಟುವುದಕ್ಕೆ ಹದಿನೈದು ನಿಮಿಷ ವಿಮಾನ ನೆಲದ ಮೇಲೇ ಓಡುತ್ತದೆ. ನಡುವೆ ಹೆದ್ದಾರಿ ಬರುತ್ತದೆ. ವಿಮಾನ ಸೇತುವೆ ಮೇಲೆ, ಕಾರುಗಳು ಕೆಳಗೆ. ಮೊದಲ ಸಲ ನನ್ನ ಅತ್ತೆ ಬಂದಾಗ, ಇದೇನು ರಸ್ತೆಯಲ್ಲೇ ಮನೆವರೆಗೂ ಬಿಡುತ್ತಾರಾ ಅಂತ ಕೇಳಿದ್ದರು.

ಆ ನೆಲವೇ ಒಂದು ಅದ್ಭುತ. ಅದು ಹಿಂದೆ ಹಾರ್ಲೆಮರ್‌ಮೇರ್ ಅನ್ನುವ ದೊಡ್ಡ ಕೆರೆ. ಪಂಪ್ ಇಟ್ಟು ನೀರೆಲ್ಲ ಎತ್ತಿ ಹಾಕಿ 1852ರಲ್ಲಿ ಒಣಗಿಸಿದರು. ಈಗಲೂ ಆ ವಿಮಾನ ನಿಲ್ದಾಣ ಸಮುದ್ರ ಮಟ್ಟಕ್ಕಿಂತ ಸುಮಾರು 3 ಮೀಟರ್ ಕೆಳಗಿದೆ.

ತಿಂಡಿ ಡಬ್ಬಗಳ ಬಗ್ಗೆ ಎಚ್ಚರ. ಬ್ರಿಟನ್ ಈಗ ಐರೋಪ್ಯ ಒಕ್ಕೂಟದಲ್ಲಿ ಇಲ್ಲ. ಹಾಗಾಗಿ 2021ರಿಂದ ಅಲ್ಲಿಂದ ಇಲ್ಲಿಗೆ ಹಾಲು, ಬೆಣ್ಣೆ, ತುಪ್ಪ, ಪನೀರ್, ಮಾಂಸ ಏನನ್ನೂ ತರುವ ಹಾಗಿಲ್ಲ. ಬಾಣಂತಿಗೆ ಅಂತ ತುಪ್ಪ ಕಾಯಿಸಿ ತುಂಬಿಕೊಂಡು ಬಂದು, ಇಲ್ಲಿ ಕಸದ ಬುಟ್ಟಿಗೆ ಹಾಕುವಾಗ ಒಬ್ಬ ಅಜ್ಜಿ ಅತ್ತದ್ದನ್ನು ಕಣ್ಣಾರೆ ನೋಡಿದ್ದೇನೆ. ಇಲ್ಲಿಯ ಬೆಣ್ಣೆ ಬಹಳ ಚೆನ್ನಾಗಿದೆ, ಇಲ್ಲೇ ಕಾಯಿಸಿ. ಹಸಿ ಕರಿಬೇವು, ಮಾವಿನಹಣ್ಣಿಗೂ ಸರ್ಟಿಫಿಕೇಟ್ ಕೇಳುತ್ತಾರೆ. ತೆಂಗಿನಕಾಯಿ, ಖರ್ಜೂರಕ್ಕೆ ಅಡ್ಡಿ ಇಲ್ಲ. ಅಂಟಿನುಂಡೆಯನ್ನು ಇಲ್ಲಿಗೆ ಬಂದ ಮೇಲೇ ಕಟ್ಟಲಿ.

ರೈಲುಪ್ರೇಮಿ, ರಾಟರ್‌ಡ್ಯಾಮ್

ರೈಲಿನ ಮಾತು ನನಗೆ ಬಿಡಿ. ಯೂರೋಸ್ಟಾರ್ ಲಂಡನ್‌ನ ಸೇಂಟ್ ಪ್ಯಾಂಕ್ರಸ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ನೇರವಾಗಿ ಓಡಲು ಶುರುವಾದದ್ದು 2018ರ ಏಪ್ರಿಲ್‌ನಲ್ಲಿ. ಆಗ ಹೋಗುವುದು ಮಾತ್ರ ನೇರ, ಬರುವಾಗ ಬ್ರಸೆಲ್ಸ್‌ನಲ್ಲಿ ಇಳಿದು ಪಾಸ್‌ಪೋರ್ಟ್ ತೋರಿಸಿ ಮತ್ತೆ ಹತ್ತಬೇಕಿತ್ತು. 2020ರ ಅಕ್ಟೋಬರ್‌ನಲ್ಲಿ ಬರುವುದೂ ನೇರವಾಯಿತು. 2024ರ ಜೂನ್‌ನಿಂದ ಆಮ್‌ಸ್ಟರ್‌ಡ್ಯಾಮ್ ನಿಲ್ದಾಣದ ಕಾಮಗಾರಿಗಾಗಿ ಬರುವ ನೇರ ರೈಲು ನಿಂತು, 2025ರ ಫೆಬ್ರುವರಿಯಲ್ಲಿ ಮತ್ತೆ ಶುರುವಾಯಿತು. ಈಗ ಹೆಚ್ಚುಕಡಿಮೆ ನಾಲ್ಕು ಗಂಟೆ.

ವಿಮಾನಕ್ಕಿಂತ ಮೂರು ಪಟ್ಟು ಹೊತ್ತು ಅಂತ ಅನ್ನಿಸುತ್ತದೆ. ಆದರೆ ದಾರಿ ನೋಡಿ. ಲಂಡನ್‌ನಿಂದ ಆಗ್ನೇಯಕ್ಕೆ ಹೋಗಿ, 1994ರಲ್ಲಿ ಶುರುವಾದ 50 ಕಿ.ಮೀ. ಉದ್ದದ ಕಡಲ ಸುರಂಗ ದಾಟಿ, ಫ್ರಾನ್ಸ್‌ನ ಲೀಲ್ ಹಾದು, ಬ್ರಸೆಲ್ಸ್‌ಗೆ ಬಂದು, ಅಲ್ಲಿಂದ ಉತ್ತರಕ್ಕೆ ನಮ್ಮ ರಾಟರ್‌ಡ್ಯಾಮ್ ಮುಟ್ಟಿ ಆಮ್‌ಸ್ಟರ್‌ಡ್ಯಾಮ್ ಸೇರುತ್ತದೆ. ನಾಲ್ಕು ದೇಶ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ ಅಂತ ನಾವು ಅನ್ನುತ್ತೇವಲ್ಲ, ಅಕ್ಷರಶಃ ಅದೇ. ಅಷ್ಟು ಸುತ್ತಿಯೂ ನಾಲ್ಕೇ ಗಂಟೆ ಅಂದರೆ ಅದು ಸಾಮಾನ್ಯ ಕೆಲಸ ಅಲ್ಲ.

ಪಾಸ್‌ಪೋರ್ಟ್ ಕೆಲಸ ಎಲ್ಲ ಲಂಡನ್‌ನಲ್ಲೇ ಮುಗಿಯುತ್ತದೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿದರೆ ಸೀದಾ ರಸ್ತೆಗೆ. ಎದ್ದು ಓಡಾಡಬಹುದು. ನನ್ನ ಅಪ್ಪನಿಗೆ ಬೆನ್ನು ನೋವು, ಅವರನ್ನು ನಾನು ರೈಲಿನಲ್ಲೇ ಕರೆತರುವುದು. ಪೇಟೆಯಿಂದ ಪೇಟೆಗೆ ಹೋಗುವವರಿಗೆ ವಿಮಾನಕ್ಕಿಂತ ರೈಲೇ ಮೇಲು, ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಆಮ್‌ಸ್ಟೆಲ್‌ವೇನ್ ಮೈಸೂರು

ಪೇಟೆಯಿಂದ ಪೇಟೆಗೆ, ಸರಿ. ಆದರೆ ಇವರು ಹೊರಡುವುದು ಸ್ಲೌನಿಂದ, ಅದು ಹೀಥ್ರೂ ಪಕ್ಕದಲ್ಲೇ ಇದೆ. ಸೇರುವುದು ಆಮ್‌ಸ್ಟೆಲ್‌ವೇನ್, ಅದು ಸ್ಕಿಪೋಲ್ ಪಕ್ಕದಲ್ಲೇ ಇದೆ. ರೈಲಿಗೆ ಹೋದರೆ ಮೊದಲು ಲಂಡನ್ ಒಳಗೆ ನುಗ್ಗಬೇಕು, ಅದಕ್ಕೆ ಒಂದು ಗಂಟೆ ಮೇಲೆ. ಅಲ್ಲಿ ಒಂದು, ಒಂದೂವರೆ ಗಂಟೆ ಮೊದಲೇ ಇರಬೇಕು. ನಾಲ್ಕು ಗಂಟೆ ರೈಲು. ಆಮೇಲೆ ಆಮ್‌ಸ್ಟರ್‌ಡ್ಯಾಮ್ ಸೆಂಟ್ರಾಲ್‌ನಿಂದ ಮತ್ತೆ ನಮ್ಮ ಕಡೆಗೆ ಮುಕ್ಕಾಲು ಗಂಟೆ. ಏಳು ಗಂಟೆ ಮೇಲಾಯಿತು. ವಿಮಾನವಾದರೆ ಎಲ್ಲ ಸೇರಿ ಐದು ಗಂಟೆ. ನಾನು ಇವರಿಗೆ ವಿಮಾನವೇ ಹೇಳುತ್ತೇನೆ.

ರೈಲುಪ್ರೇಮಿ, ರಾಟರ್‌ಡ್ಯಾಮ್

ಒಪ್ಪಿದೆ ಅಕ್ಕ. ಸ್ಲೌ ಅನ್ನುವುದನ್ನು ನಾನು ಗಮನಿಸಲಿಲ್ಲ. ಇವರ ಲೆಕ್ಕಕ್ಕೆ ವಿಮಾನವೇ ಸರಿ.

ಹಾಗೇ ಇನ್ನೊಂದು ದಾರಿಯೂ ಇದೆ. ಇಂಗ್ಲೆಂಡಿನ ಹ್ಯಾರಿಚ್‌ನಿಂದ ಹುಕ್ ಆಫ್ ಹಾಲೆಂಡ್‌ಗೆ ಹಡಗು. ರಾತ್ರಿ ಹತ್ತಿ ಮಲಗಿದರೆ ಬೆಳಿಗ್ಗೆ ಈ ಕಡೆ. ನಾನು ಒಮ್ಮೆ ಸೈಕಲ್ ಸಮೇತ ಬಂದಿದ್ದೇನೆ. ಅಮ್ಮನವರಿಗೆ ಬೇಡ, ಸುಮ್ನೆ ಗೊತ್ತಿರಲಿ ಅಂತ ಹೇಳಿದೆ.

ಲಂಡನ್ ಲಾಯರ್, ಕುಂದಾಪುರ

ದೂರ ಎಷ್ಟು ಅನ್ನುವುದು ಸುಮ್ನೆ ಕುತೂಹಲದ ವಿಷಯ ಅಲ್ಲ, ದುಡ್ಡಿನ ವಿಷಯವೂ ಹೌದು. ವಿಮಾನ ಸಂಸ್ಥೆಯ ತಪ್ಪಿನಿಂದ ಮೂರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ತಡವಾಗಿ ತಲುಪಿದರೆ ಪರಿಹಾರ ಕೊಡಬೇಕು. 1,500 ಕಿ.ಮೀ.ವರೆಗಿನ ದೂರಕ್ಕೆ ಐರೋಪ್ಯ ನಿಯಮದಲ್ಲಿ 250 ಯೂರೋ, ಬ್ರಿಟನ್ ನಿಯಮದಲ್ಲಿ 220 ಪೌಂಡ್. ಆ ದೂರವನ್ನು ಮೇಷ್ಟ್ರು ಹೇಳಿದ ದಾರದ ಲೆಕ್ಕದಲ್ಲೇ ಅಳೆಯುತ್ತಾರೆ. ವಿಮಾನ ಎಷ್ಟು ಸುತ್ತಿ ಬಂತು ಅನ್ನುವುದು ಲೆಕ್ಕಕ್ಕಿಲ್ಲ. ನಡುವೆ ವಿಮಾನ ಬದಲಿಸಿದರೂ ಮೊದಲ ಊರಿನಿಂದ ಕೊನೆಯ ಊರಿಗೆ ನೇರ ದೂರವನ್ನೇ ಹಿಡಿಯಬೇಕು ಅಂತ ಐರೋಪ್ಯ ನ್ಯಾಯಾಲಯ 2017ರಲ್ಲಿ ಹೇಳಿದೆ. ಮಂಜು, ಬಿರುಗಾಳಿಯಂಥ ಕಾರಣಕ್ಕೆ ತಡವಾದರೆ ದುಡ್ಡು ಸಿಗುವುದಿಲ್ಲ, ಊಟ ತಿಂಡಿಯನ್ನು ಮಾತ್ರ ವಿಮಾನ ಸಂಸ್ಥೆಯೇ ನೋಡಿಕೊಳ್ಳಬೇಕು.

ತಲುಪಿದ ಸಮಯ ಅಂದರೆ ಯಾವುದು? ಚಕ್ರ ನೆಲ ಮುಟ್ಟಿದ್ದಾ, ಗೇಟ್‌ಗೆ ಬಂದದ್ದಾ? ಇದೇ ಪ್ರಶ್ನೆ ಅದೇ ನ್ಯಾಯಾಲಯದ ಮುಂದೆ ಬಂದಿತ್ತು. ಒಂದಾದರೂ ಬಾಗಿಲು ತೆರೆದು ಜನ ಇಳಿಯಬಹುದು ಅನ್ನುವ ಕ್ಷಣವೇ ತಲುಪಿದ ಸಮಯ ಅಂತ 2014ರಲ್ಲಿ ತೀರ್ಪಾಯಿತು. ಇದು ನನಗೇ ಕೆಲಸಕ್ಕೆ ಬಂತು. ಒಮ್ಮೆ ನನ್ನ ವಿಮಾನ 2 ಗಂಟೆ 53 ನಿಮಿಷ ತಡವಾಗಿ ನೆಲ ಮುಟ್ಟಿತು. ಗೇಟ್ ಖಾಲಿ ಇರಲಿಲ್ಲ. ಬಾಗಿಲು ತೆರೆಯುವಾಗ 3 ಗಂಟೆ 6 ನಿಮಿಷ. ನಾನು ಫೋನ್‌ನಲ್ಲಿ ಸಮಯ ಕಾಣುವ ಹಾಗೆ ತೆರೆದ ಬಾಗಿಲಿನ ಫೋಟೋ ತೆಗೆದಿದ್ದೆ. ಆ ಸಂಸ್ಥೆ ಮೊದಲು ಆಗಲ್ಲ ಅಂದಿತು, ಎರಡು ಪತ್ರ ಬರೆದ ಮೇಲೆ ಕೊಟ್ಟಿತು.

ಅಮ್ಮನಿಗೆ ಗಾಲಿಕುರ್ಚಿ ಬೇಕು ಅಂತ 48 ಗಂಟೆ ಮೊದಲೇ ತಿಳಿಸಿ. ಒಂದು ಪೈಸೆ ಕೊಡಬೇಕಾಗಿಲ್ಲ. ಸ್ಕಿಪೋಲ್‌ನಲ್ಲಿ ನಡೆಯುವುದು ಬಹಳ ಇದೆ, ಸಂಕೋಚ ಪಡಬೇಡಿ. ಆಮೇಲೆ, 2025ರ ಅಕ್ಟೋಬರ್‌ನಿಂದ ಐರೋಪ್ಯ ಗಡಿಯಲ್ಲಿ ಹೊಸ ಪದ್ಧತಿ ಬಂದಿದೆ. ಅಲ್ಪಾವಧಿಗೆ ಬರುವ ಹೊರಗಿನವರ ಬೆರಳಚ್ಚು, ಫೋಟೋ ದಾಖಲು ಮಾಡುತ್ತಾರೆ. ಮೊದಲ ಸಲ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಅದಕ್ಕೆ ಇಟ್ಟುಕೊಳ್ಳಿ.

ಭೂಗೋಳದ ಮೇಷ್ಟ್ರು

ಒಂದು ಗಂಟೆ ವ್ಯತ್ಯಾಸದ ಬಗ್ಗೆ ಯಾರೂ ಮಾತಾಡಲಿಲ್ಲ. ಅದರಲ್ಲೇ ಒಳ್ಳೆಯ ಕಥೆ ಇದೆ.

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಒಂದು ಡಿಗ್ರಿಗೆ 4 ನಿಮಿಷ. ಆಮ್‌ಸ್ಟರ್‌ಡ್ಯಾಮ್ ಇರುವುದು ಗ್ರೀನಿಚ್‌ನಿಂದ ಪೂರ್ವಕ್ಕೆ ಸುಮಾರು 4.9 ಡಿಗ್ರಿಯಲ್ಲಿ. ಅಂದರೆ ಸೂರ್ಯನ ಲೆಕ್ಕದಲ್ಲಿ ಗ್ರೀನಿಚ್‌ಗಿಂತ ಇಪ್ಪತ್ತು ನಿಮಿಷ ಮಾತ್ರ ಮುಂದೆ, ಒಂದು ಗಂಟೆ ಅಲ್ಲ. ಮೊದಲು ಅಲ್ಲಿ ಹಾಗೇ ಇತ್ತು. 1909ರಿಂದ ಇಡೀ ನೆದರ್‌ಲೆಂಡ್ಸ್‌ಗೆ ಆಮ್‌ಸ್ಟರ್‌ಡ್ಯಾಮ್‌ನ ವೆಸ್ಟರ್‌ಕರ್ಕ್ ಚರ್ಚಿನ ಗೋಪುರದ ಸಮಯ. ಗ್ರೀನಿಚ್‌ಗಿಂತ 19 ನಿಮಿಷ 32 ಸೆಕೆಂಡ್ ಮುಂದೆ! 1937ರಲ್ಲಿ ಅದನ್ನು ಸರಿಯಾಗಿ 20 ನಿಮಿಷ ಮಾಡಿದರು. 1940ರ ಮೇನಲ್ಲಿ ಜರ್ಮನ್ ಸೇನೆ ದೇಶವನ್ನು ಆಕ್ರಮಿಸಿತು, ಗಡಿಯಾರವನ್ನೂ ಬರ್ಲಿನ್‌ಗೆ ಹೊಂದಿಸಿತು. ಯುದ್ಧ ಮುಗಿದ ಮೇಲೂ ಅದು ವಾಪಸ್ ಆಗಲಿಲ್ಲ. ನಿಮ್ಮ ಟಿಕೆಟ್‌ನಲ್ಲಿರುವ ಒಂದು ಗಂಟೆ ಅಲ್ಲಿಂದ ಬಂದದ್ದು.

ಹೀಗಾಗಿ ಅಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ 10 ಗಂಟೆಗೆ. ಎರಡೂ ದೇಶಗಳು ಬೇಸಿಗೆಗೆ ಗಡಿಯಾರ ಬದಲಿಸುವುದು ಒಂದೇ ಕ್ಷಣದಲ್ಲಿ, ಹಾಗಾಗಿ ವರ್ಷಪೂರ್ತಿ ವ್ಯತ್ಯಾಸ ಒಂದೇ ಗಂಟೆ.

ರೈಲುಪ್ರೇಮಿ, ರಾಟರ್‌ಡ್ಯಾಮ್

ಮೇಷ್ಟ್ರೇ, ಕೇಳಿ ಖುಷಿಯಾಯಿತು. ಹಳೆಯ ಮಾತು ಬಂತು ಅಂತ ಒಂದು ಸೇರಿಸುತ್ತೇನೆ. ನೆದರ್‌ಲೆಂಡ್ಸ್‌ನ ಕೆಎಲ್‌ಎಂ ವಿಮಾನ ಸಂಸ್ಥೆಯ ಮೊಟ್ಟಮೊದಲ ವಿಮಾನ ಹಾರಿದ್ದು ಇದೇ ದಾರಿಯಲ್ಲಿ. 1920ರ ಮೇ 17ರಂದು, ಲಂಡನ್‌ನ ಕ್ರಾಯ್ಡನ್‌ನಿಂದ ಸ್ಕಿಪೋಲ್‌ಗೆ. ಬಾಡಿಗೆಗೆ ತಂದ ಡಿ ಹ್ಯಾವಿಲೆಂಡ್ ವಿಮಾನ. ಒಳಗೆ ಇಬ್ಬರು ಪತ್ರಕರ್ತರು ಮತ್ತು ಒಂದಿಷ್ಟು ದಿನಪತ್ರಿಕೆ. ಎರಡು ಗಂಟೆಗೆ ಸ್ವಲ್ಪ ಜಾಸ್ತಿ ಹಿಡಿಯಿತು. ಇವತ್ತು ನಿಮ್ಮದು ಗಾಳಿಯಲ್ಲಿ 45 ನಿಮಿಷ. ನೂರು ವರ್ಷದಲ್ಲಿ ಉಳಿದದ್ದು ಒಂದು ಗಂಟೆ ಚಿಲ್ಲರೆ, ಅದನ್ನು ಈಗ ಸೆಕ್ಯುರಿಟಿ ಸಾಲಿನಲ್ಲಿ ನಿಂತು ಖರ್ಚು ಮಾಡುತ್ತಿದ್ದೇವೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಸ್ಲೌ ದಾವಣಗೆರೆ (ಎಂಟು ದಿನ ಕಳೆದು)

ಎಲ್ಲರಿಗೂ ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ. ಹೋದೆವು, ಸುಖವಾಗಿ ತಲುಪಿದೆವು.

ಮನೆ ಬಿಟ್ಟದ್ದು ಬೆಳಿಗ್ಗೆ 6:25ಕ್ಕೆ. ವಿಮಾನ ಗೇಟ್ ಬಿಟ್ಟದ್ದು 9:12ಕ್ಕೆ, ನೆಲ ಬಿಟ್ಟದ್ದು 9:31ಕ್ಕೆ. ಪಶ್ಚಿಮಕ್ಕೇ ಹಾರಿತು. ವಿಂಡ್ಸರ್ ಕೋಟೆ ಕಾಣಿಸಿತು, ಪೈಲಟ್ ಸರ್ ನೆನಪಾದರು. ಸಮುದ್ರ ಬಂದಾಗ ಅಮ್ಮ ಕಿಟಕಿಗೆ ಹಣೆ ಹಚ್ಚಿ ಕೂತಿದ್ದರು. ನೀರಿನಲ್ಲಿ ಸಾಲಾಗಿ ಬಿಳಿ ಗಾಳಿಯಂತ್ರಗಳು, ಚಿತ್ರದುರ್ಗದ ಗುಡ್ಡದ ಮೇಲಿನವು ಇಲ್ಲಿಗೆ ಬಂದವಾ ಅಂದರು. ಚಹಾ ಮುಗಿಯುವ ಮೊದಲೇ ಇಳಿಯಲು ಶುರು. ನೆಲ ಮುಟ್ಟಿದಾಗ ಲಂಡನ್ ಸಮಯ 10:18, ಅಂದರೆ 47 ನಿಮಿಷ. ಪೋಲ್ಡರ್‌ಬಾನ್‌ನಲ್ಲೇ ಇಳಿಸಿದರು! ಗೇಟ್‌ಗೆ ಬಂದಾಗ 10:33. ಹೆದ್ದಾರಿ ಮೇಲೆ ವಿಮಾನ ಹೋಗುವಾಗ ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಗಾಲಿಕುರ್ಚಿಯವರು ಬಾಗಿಲಲ್ಲೇ ನಿಂತಿದ್ದರು. ಬೆರಳಚ್ಚಿನ ಯಂತ್ರ ಅಮ್ಮನ ಬೆರಳನ್ನು ಮೂರು ಸಲವೂ ಹಿಡಿಯಲಿಲ್ಲ. ತೋಟದ ಕೆಲಸ ಮಾಡಿದ ಕೈ, ಗೆರೆ ಸವೆದಿದೆ. ಅಲ್ಲಿದ್ದ ಅಧಿಕಾರಿ ಒದ್ದೆ ಬಟ್ಟೆಯಿಂದ ಬೆರಳು ಒರೆಸಿ, ತಾವೇ ಮೆಲ್ಲಗೆ ಒತ್ತಿ ಹಿಡಿದು ನಾಲ್ಕನೇ ಸಲಕ್ಕೆ ಮಾಡಿಸಿದರು. ಅಕ್ಕನ ಮನೆ ಬಾಗಿಲು ತಟ್ಟಿದಾಗ ಅಲ್ಲಿಯ ಸಮಯ ಮಧ್ಯಾಹ್ನ 12:35. ಒಟ್ಟು 5 ಗಂಟೆ 10 ನಿಮಿಷ. ಆಮ್‌ಸ್ಟೆಲ್‌ವೇನ್ ಅಕ್ಕ, ನಿಮ್ಮ ಲೆಕ್ಕ ಹತ್ತು ನಿಮಿಷ ಮಾತ್ರ ತಪ್ಪಿತು.

ಬಂದ ನಾಲ್ಕನೇ ದಿನಕ್ಕೆ ಹೆಣ್ಣು ಮಗು. ತಾಯಿ ಮಗು ಆರಾಮವಾಗಿದ್ದಾರೆ. ಅಂಟಿನುಂಡೆ ಇಲ್ಲಿಯ ಬೆಣ್ಣೆಯ ತುಪ್ಪದಲ್ಲೇ ಕಟ್ಟಿದ್ದಾಯಿತು.

ಮೇಷ್ಟ್ರೇ, ನಿಮಗೆ ಒಂದು ಮಾತು. ಇಲ್ಲಿ ಹತ್ತು ಗಂಟೆಯಾದರೂ ಬೆಳಕಿರುತ್ತದೆ, ದೀಪ ಯಾವಾಗ ಹಚ್ಚಲಿ ಅಂತ ಅಮ್ಮ ಒದ್ದಾಡುತ್ತಿದ್ದರು. ಈಗ ತಮ್ಮ ಎಚ್‌ಎಂಟಿ ಗಡಿಯಾರವನ್ನು ಊರಿನ ಸಮಯಕ್ಕೇ ಇಟ್ಟುಕೊಂಡಿದ್ದಾರೆ. ಅದರಲ್ಲಿ ಆರೂವರೆ ಆದಾಗ ಇಲ್ಲಿ ಮಧ್ಯಾಹ್ನ ಮೂರು ಗಂಟೆ, ಆಗಲೇ ದೀಪ ಹಚ್ಚುತ್ತಾರೆ. ಊರಿನಲ್ಲಿ ಅಪ್ಪನೂ ಅದೇ ಹೊತ್ತಿಗೆ ಹಚ್ಚುತ್ತಾರಂತೆ, ಫೋನ್‌ನಲ್ಲಿ ಮಾತಾಡಿಕೊಂಡಿದ್ದಾರೆ.

ನಾಳೆ ಸಂಜೆ 6:00ಕ್ಕೆ ನನ್ನ ವಿಮಾನ. ಇನ್ನೂ ಸೀಟು ಆರಿಸಿಲ್ಲ.

ಮಡಿಕೇರಿ ಪೈಲಟ್

ಅಭಿನಂದನೆಗಳು! ಮಗುವಿಗೆ ಒಳ್ಳೆಯದಾಗಲಿ.

ನಾಳೆ ಪಶ್ಚಿಮದ ಗಾಳಿ ಇದ್ದರೆ ಹೀಥ್ರೂಗೆ ಪೂರ್ವದಿಂದ, ಲಂಡನ್ ಊರಿನ ಮೇಲೇ ಬಂದು ಇಳಿಯುತ್ತೀರಿ. ಬಲಗಡೆ ಕಿಟಕಿ ಸೀಟು ತೆಗೆದುಕೊಳ್ಳಿ, ರೆಕ್ಕೆಗಿಂತ ಮುಂದೆ. ಥೇಮ್ಸ್ ನದಿ ಹಾವಿನ ಹಾಗೆ ಕಾಣುತ್ತದೆ. ಪಾರ್ಲಿಮೆಂಟ್ ಕಟ್ಟಡ ಕಂಡ ಕೂಡಲೇ ಅದರ ಎದುರು ದಡ ನೋಡಿ. 2015ರಲ್ಲಿ ಬಸವಣ್ಣನವರ ಪ್ರತಿಮೆ ನಿಲ್ಲಿಸಿದ್ದು ಅಲ್ಲೇ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ. ಮೇಲಿಂದ ಪ್ರತಿಮೆ ಕಾಣುವುದಿಲ್ಲ, ದಡ ಚೆನ್ನಾಗಿ ಕಾಣುತ್ತದೆ. ಅಲ್ಲಿಂದ ನೆಲ ಮುಟ್ಟಲು ಇನ್ನು ನಾಲ್ಕೈದು ನಿಮಿಷ.